ಧಕ್ಕೆಯ ಮೇಲೆ ಒದರಿದ ದನಿ

ಚಹಾ ಇಷ್ಟು ಸಿಹಿ, ಮೂರು ಚಮಚೆ ಸಕ್ಕರೆಯನ್ನಾದರೂ ಸುರಿದಿರಬೇಕು ಡೆರೆಕ್, ಕುಡಿ ಲವ್, ಸುಧಾರಿಸ್ಕೋ ಅಂದ, ಲವ್ ಅಂತ ಇಲ್ಲಿ ಎಲ್ಲರನ್ನೂ ಕರೆಯುವುದೇ, ಆದರೆ ಮೇಲ್ವಿಚಾರಕನಾಗಿ ಅವನು ಈ ಆರು ವರ್ಷದಲ್ಲಿ ಯಾರಿಗಾದರೂ ಚಹಾ ಮಾಡಿಕೊಟ್ಟದ್ದುಂಟೇ, ಶಿವಗಂಗಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು, ಹಡಗು ನಿಲ್ಲುವ ಧಕ್ಕೆಯ ಆಫೀಸಿನ ಕಿಟಕಿಯಾಚೆ ಬೆಂಚಿನ ಮೇಲೆ ಜೊತೆಗೆಲಸದ ಕಾಲಿನ್ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾನೆ, ತಿನ್ನಲಿ, ಹೊಟ್ಟೆ ತುಂಬ ತಿನ್ನಲಿ ಪುಣ್ಯಾತ್ಮ. ಅವನ ಹಿಂದೆ ಮ್ಯಾಂಚೆಸ್ಟರ್ ಕಾಲುವೆಯ ಕಂದು ನೀರು, ಲಾಟ್ವಿಯಾದಿಂದ ಮರ ಹೊತ್ತು ಬಂದ ಹಡಗು, ಕೆಲಸ ಎಲ್ಲ ದಿನದಂತೆಯೇ ಶುರುವಾಗಿತ್ತು, ಕ್ರೇನು ಮರದ ಕಟ್ಟು ಎತ್ತುವುದು, ಕಾಲಿನ್ ಕೆಳಗೆ ನಿಂತು ಕೈಸನ್ನೆ ಮಾಡುವುದು, ಅವಳು ಕಟ್ಟಿನ ನಂಬರು ನೋಡಿ ಪಟ್ಟಿಯಲ್ಲಿ ಗುರುತು ಹಾಕುವುದು, ಗದಗಿನಿಂದ ಅಪ್ಪ ಫೋನು ಮಾಡಿದಾಗಲೆಲ್ಲ ಒಂದೇ ಮಾತು, ನಮ್ಮ ಮುತ್ತ್ಯಾನ ಹತ್ತಿ ತುಂಬಿದ ಅಂಡಗಿ ಅಲ್ಲಿಗೇ ಬರ್ತಿದ್ವು ಗಂಗವ್ವಾ, ಈಗ ನೀ ಅಲ್ಲೇ ನಿಂತು ಮಾಲು ಇಳಿಸ್ಕೊಳ್ಳಾಕತ್ತಿ, ನೋಡು. ಅವ್ವನದು ಬೇರೆ, ಹೆಣ್ಮಗಳು ಹಂಗ ಒದರಬಾರ್ದು, ಓಣಿ ತುಂಬ ಕೇಳ್ತೈತಿ — ಒದರುವುದನ್ನು ಬಿಟ್ಟೇ ಬಿಟ್ಟಿದ್ದಳು, ಎಷ್ಟೆಂದರೆ ಕೆಲಸಕ್ಕೆ ಸೇರಿದ ವಾರವೇ ಡೆರೆಕ್ ನಕ್ಕಿದ್ದ, ನಿನ್ನ ದನಿ ಬಾತುಕೋಳಿಗೂ ಕೇಳಿಸಲ್ಲ, ವಾಕಿಟಾಕಿ ಇಟ್ಕೋ. ಇವತ್ತೂ ವಾಕಿಟಾಕಿ ಕೈಯಲ್ಲೇ ಇತ್ತು. ಕಟ್ಟಿಗೆ ಬಿಗಿದ ಕ್ರೇನಿನ ಪಟ್ಟಿ ಒಂದು ಕಡೆ ಜಾರಿತು, ಕಟ್ಟು ವಾಲಿತು, ಕಾಲಿನ್ ಬೆನ್ನು ತಿರುಗಿಸಿ ಲಾರಿಯವನಿಗೆ ಏನೋ ಹೇಳುತ್ತಿದ್ದಾನೆ, ಗುಂಡಿ ಒತ್ತಲು ಹೊತ್ತೆಲ್ಲಿ, ಏ ಸರೀ, ಸರೀ ಆಕಡೆ — ಹೊಕ್ಕುಳಿನಿಂದ ಎದ್ದ ದನಿ, ತನ್ನದೇ ಎಂದು ತಿಳಿಯುವಷ್ಟರಲ್ಲಿ ಮರ ಬಿದ್ದು ನೆಲ ನಡುಗಿ, ಮರದ ಧೂಳು, ಧೂಳಿನಲ್ಲಿ ಯಾರೂ ಇಲ್ಲ, ಹಸಿ ಮಣ್ಣಿನಲ್ಲಿ ಬೂಟಿನ ಗುರುತು ಒಂದು, ಅರ್ಧ, ಹಿಮ್ಮಡಿಯ ಮೇಲೆ ಮರ — ಆಮೇಲೆ ಲಾರಿಯ ಆಚೆಯಿಂದ ಕಾಲಿನ್‌ನ ಬೈಗುಳ, ಒಂದರ ಮೇಲೊಂದು, ಅಷ್ಟು ಹೊಲಸು ಮಾತು ಅಷ್ಟು ಹಿತವಾಗಿ ಅವಳ ಕಿವಿಗೆ ಎಂದೂ ಬಿದ್ದಿರಲಿಲ್ಲ, ಅಲ್ಲೇ ಕುಕ್ಕರಿಸಿದಳು.

ಏನಂತ ಕೂಗಿದೆ, ವರದಿಯಲ್ಲಿ ಬರೀಬೇಕು, ಡೆರೆಕ್ ಫಾರ್ಮು ತಂದಿಟ್ಟಿದ್ದಾನೆ, ಬಾಗಿಲಿಗೆ ಬಂದ ಕಾಲಿನ್ ಕೇಳಿಸಿಕೊಂಡು ನಗುತ್ತಾನೆ, ಯಾವ ಭಾಷೆಯೋ ಯಾರಿಗೆ ಗೊತ್ತು, ನಮ್ಮಮ್ಮ ಬೈದ ಹಾಗಿತ್ತು, ಹಾರಿಬಿಟ್ಟೆ — ನಗುವವನ ಗಲ್ಲ ಅದುರುತ್ತಿದೆ, ಅವಳ ಭುಜದ ಮೇಲೆ ಕೈಯಿಟ್ಟವನು ತೆಗೆಯುವುದನ್ನೇ ಮರೆತಿದ್ದಾನೆ. ಬರ್ಚ್‌ವುಡ್ಡಿನ ಆಫೀಸಿನಿಂದ ಗಂಡ ಬಸವಪ್ರಭುವಿನ ಫೋನು, ಊಟ ಆತೇನು, ಯಾಕ, ನಿನ್ ದನಿ ಹಿಂಗ್ಯಾಕ ಕುಂತೈತಿ, ಏನಿಲ್ರಿ, ಒದರಿದ್ದೆ, ಯಾರಿಗೆ, ಮನಿಗೆ ಬಂದು ಹೇಳ್ತೀನ್ರಿ, ಎಲ್ಲಾರೂ ಆರಾಮ ಅದೀವಿ. ಆರಾಮ. ಗಂಟಲು ಉರಿಯುತ್ತಿದೆ, ಉರಿಯಲಿ, ಎದೆಯಲ್ಲಿ ಏನೋ ಸಡಿಲಾಗಿ ಹಗುರಾಗಿ, ನಗುವೋ ಅಳುವೋ, ಪೆನ್ನು ಎತ್ತಿಕೊಂಡಳು, ಹೆಸರು, ದಿನಾಂಕ, ಗಾಯಗೊಂಡವರು — ಯಾರೂ ಇಲ್ಲ, ಎಷ್ಟು ಚಂದದ ಮಾತು, ಇನ್ನೊಮ್ಮೆ ಬರೆಯಬಹುದು, ಯಾರೂ ಇಲ್ಲ, ಕೂಗಿದ್ದೇನು, ಸರೀ ಅನ್ನುವುದಕ್ಕೆ ಇವರಲ್ಲಿ ಏನನ್ನುತ್ತಾರೆ, ಪೆನ್ನು ನಿಂತಿತು, ತನಿಖೆಯವರು ಬರುವ ತನಕ ಆ ಕಟ್ಟನ್ನು ಯಾರೂ ಮುಟ್ಟುವಂತಿಲ್ಲ, ಕಿಟಕಿಯಾಚೆ ಅದು ಬಿದ್ದಲ್ಲೇ ಇದೆ, ಅದರ ಅಂಚಿನಲ್ಲಿ ಹಸಿ ಮಣ್ಣು, ಮಣ್ಣಿನಲ್ಲಿ ಹಿಮ್ಮಡಿಯಿಲ್ಲದ ಬೂಟಿನ ಗುರುತು, ಬೆರಳ ಕಡೆಯ ಅರ್ಧ, ಆಚೆಗೆ ಮುಖ ಮಾಡಿ, ಅರ್ಧ ಹೆಜ್ಜೆ ತಡವಾಗಿದ್ದರೆ