ಒಡೆದ ರೊಟ್ಟಿಯ ಎಣಿಕೆ

ಪಂಚಶೀಲಾ ಬೆಳಿಗ್ಗೆಯಿಂದ ಮೊಬೈಲ್ ಹಿಡಿದು ರಾಮಸಮುದ್ರದ ಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಯಾದಗಿರಿಯ ಕಾಲೇಜಿನಲ್ಲಿ ಅವಳದು ಬಿಸಿಎ ಮೊದಲ ವರ್ಷ. ಸರ್ ಒಂದು ಪ್ರೋಗ್ರಾಂ ಬರೆಯಲು ಕೊಟ್ಟಿದ್ದರು. ಒಂದು, ಅದಕ್ಕೆ ಅರ್ಧ, ಮೂರರಲ್ಲೊಂದು ಪಾಲು, ನಾಲ್ಕರಲ್ಲೊಂದು ಪಾಲು, ಹೀಗೆ ಹತ್ತರಲ್ಲೊಂದರ ತನಕ ಕೂಡಿಸಬೇಕು. ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಸರಿಯಾಗಿ ಮಾಡಿ ಕಳಿಸಿದವರಷ್ಟೇ ಶಹಾಪುರದ ಪ್ರೋಗ್ರಾಮಿಂಗ್ ಸ್ಪರ್ಧೆಗೆ. ಆಗಲೇ ಹನ್ನೊಂದಾಗಿತ್ತು.

"ಏನಂತದ ನಿನ್ನ ಮಷೀನು?" ತವೆಯ ಮೇಲಿನ ಕಡಕ್ ರೊಟ್ಟಿಯನ್ನು ಬಟ್ಟೆಯಿಂದ ಒತ್ತುತ್ತ ತಾಯಿ ಚಂದಮ್ಮ ಕೇಳಿದಳು.

"ಒಂದ ಅಂತದವ್ವ. ಹತ್ತರ ತನಕ ಕೂಡ್ಸಂದ್ರೂ ಒಂದ, ನೂರರ ತನಕ ಅಂದ್ರೂ ಒಂದ. ನನ್ನ ಹಣೇಬಾರ."

"ಹಣೇಬಾರಕ್ಕ ಬೈಬ್ಯಾಡ. ಬಾ ಇಲ್ಲಿ, ರೊಟ್ಟಿ ಎಣಸು. ತಲಿ ಹಗುರಾಗ್ತದ. ಹತ್ತಿಕುಣಿ ಮದುವಿಗೆ ಐವತ್ತು ಹೋಗಬೇಕು."

ಪಂಚಶೀಲಾ ಬುಟ್ಟಿಯ ಮುಂದೆ ಕುಳಿತು ಎಣಿಸತೊಡಗಿದಳು. ನಲವತ್ತರ ಹೊತ್ತಿಗೆ ಚಂದಮ್ಮ ತಡೆದಳು.

"ಅದನ್ನ ತಗಿ. ಒಡದದ್ದು ಎಣಿಕ್ಯಾಗ ಬರಂಗಿಲ್ಲ."

"ಅರ್ಧಕ್ಕಿಂತ ಜಾಸ್ತಿ ಅದಲ್ಲವ್ವ."

"ಮುಕ್ಕಾಲಿರ್ಲಿ. ಒಡೀತಂದ್ರ ಮನಿಯವರ ಹೊಟ್ಟಿಗೆ. ಎಣಿಕ್ಯಾಗ ಅದು ಸೊನ್ನಿ."

ಮಗಳ ಕೈ ಅಲ್ಲೇ ನಿಂತಿತು. ಅವಳು ಕೆಳತುಟಿ ಕಚ್ಚಿಕೊಂಡಾಗ ಮಾತಾಡಿಸಬಾರದೆಂದು ಚಂದಮ್ಮನಿಗೆ ಗೊತ್ತು. ಇನ್ನೊಂದು ಹಿಟ್ಟಿನ ಉಂಡೆ ತಟ್ಟತೊಡಗಿದಳು.

"ಯವ್ವಾ, ಇದೂ ನಿನ್ನಂಗ ಎಣಸಾಕತ್ತದ. ಇಡೀದಷ್ಟ ಹಿಡೀತದ. ಅರ್ಧಕ್ಕೂ ಸೊನ್ನಿ, ಕಾಲಿಗೂ ಸೊನ್ನಿ."

"ಹಂಗಾರ ಅದಕ್ಕ ಬುದ್ಧಿ ಹೇಳು. ನನಗ್ಯಾಕ ಹೇಳ್ತಿ?"

ಪಂಚಶೀಲಾ ಒಂದು ಎಂದು ಬರೆದಿದ್ದ ಕಡೆ ಒಂದು ಪಾಯಿಂಟ್ ಸೊನ್ನೆ ಎಂದು ತಿದ್ದಿದಳು. ಪರದೆಯ ಮೇಲೆ 2.928968 ಮೂಡಿತು. ಆದರೂ ತಕ್ಷಣ ಕಳಿಸಲಿಲ್ಲ. ನಾಲ್ಕು ಪಾಲುಗಳ ತನಕ ಕೈಯಿಂದ ಕೂಡಿಸಿ, ಪ್ರೋಗ್ರಾಮಿಗೂ ನಾಲ್ಕನ್ನೇ ಕೊಟ್ಟು, ಎರಡೂ ಹೊಂದಿದ ಮೇಲೆ ಕಳಿಸಿದಳು. ಆ ತಾಳ್ಮೆ ನೋಡಿ ಚಂದಮ್ಮನ ಎದೆ ತುಂಬಿತು.

ಸ್ವಲ್ಪ ಹೊತ್ತಿಗೆ ಸರ್ ಫೋನ್ ಮಾಡಿದರು. ಅವ್ವನಿಗೂ ಕೇಳಲೆಂದು ಪಂಚಶೀಲಾ ಸ್ಪೀಕರ್ ಹಾಕಿದಳು.

"ಯಾರು ಹೇಳಿಕೊಟ್ರವ್ವ? ಬಹಳ ಮಂದಿ ಒಂದ ಅಂತ ಕಳಿಸ್ಯಾರ."

"ಯಾರೂ ಇಲ್ರಿ ಸರ್. ಪೂರ್ಣ ಸಂಖ್ಯೆನ ಪೂರ್ಣ ಸಂಖ್ಯೆಲೆ ಭಾಗಿಸಿದ್ರ ತುಣುಕು ಬಿಟ್ಟುಬಿಡ್ತದ್ರಿ. ಅದಕ್ಕ ಮ್ಯಾಲಿನ ಒಂದನ್ನ ದಶಾಂಶ ಮಾಡೀನಿ."

ಚಂದಮ್ಮನಿಗೆ ಆ ಮಾತು ಪೂರ್ತಿ ತಿಳಿಯಲಿಲ್ಲ. ಮಗಳ ದನಿ ಎಲ್ಲೂ ಅಳುಕಲಿಲ್ಲ ಎಂಬುದು ತಿಳಿಯಿತು.

"ಶಹಾಪುರಕ್ಕ ನಿನ್ನ ಹೆಸರು ಬರಕೊಂಡೀನಿ," ಎಂದರು ಸರ್.

ಚಂದಮ್ಮ ಒಲೆಯ ಉರಿ ತಗ್ಗಿಸಿ, ಕೈಯ ಹಿಟ್ಟು ಕೊಡವಿ, ಪಕ್ಕದ ಮನೆಯ ಗೋಡೆಯ ಬಳಿ ಹೋದಳು.

"ದುರಗಮ್ಮಕ್ಕ, ಕೆಲಸಿದ್ರ ಬಿಟ್ಟು ಬಾ ಇಲ್ಲಿ. ನಮ್ಮ ಪಂಚಶೀಲಾ ಏನು ಮಾಡ್ಯಾಳ ಹೇಳ್ತೀನಿ, ನಿಂತು ಕೇಳು."