ಫಿನಾಯಿಲ್ ಕುಡಿದ ತೊಟ್ಟಿ

"ಅಕ್ಕಾ, ನಿನ್ನ ತೊಟ್ಟಿ ಉಸಿರೇ ಬಿಡ್ತಿಲ್ಲ ಕಣೇ!" ಮೂರು ಕಡ್ಡಿ ಗೀರಿದರೂ ಒಲೆ ಹತ್ತದೆ ತಂಗಿ ಆಸ್ಪತ್ರೆಯ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

ಹಿತ್ತಲಲ್ಲಿದ್ದ ಅಕ್ಕ ತೊಟ್ಟಿಯ ಕಡೆ ಓಡಿದಳು. ಆಸ್ಪತ್ರೆಗೆಲ್ಲ ಅವಳು ಗ್ಯಾಸಮ್ಮ. ರೋಗಿಗಳು ಬಿಟ್ಟ ಅನ್ನ, ತರಕಾರಿ ಸಿಪ್ಪೆ ಎಲ್ಲವನ್ನೂ ಆರಿಸಿ, ನೀರಲ್ಲಿ ಕಲಸಿ, ಎಮ್ಮೆಗೆ ಮುಸುರೆ ಇಟ್ಟ ಹಾಗೆ ದಿನಾ ಗ್ಯಾಸಿನ ತೊಟ್ಟಿಗೆ ಸುರಿಯುವವಳು. ಮೊದಲು ಅದೆಲ್ಲ ಗೋಡೆಯಾಚೆ ಕೊಳೆತು ನೊಣ ಸಾಕುತ್ತಿತ್ತು. ಎರಡು ವರ್ಷದಿಂದ ಅದೇ ಕಸ ನೂರು ರೋಗಿಗಳ ಊಟ ಬೇಯಿಸುತ್ತಿತ್ತು; ಉಳಿದ ಬಗ್ಗಡಕ್ಕೆ ತೋಟದವರು ಸಾಲು ನಿಲ್ಲುತ್ತಿದ್ದರು. ಇವತ್ತು ನೋಡಿದರೆ, ಗ್ಯಾಸು ತುಂಬಿದಾಗ ಆಳೆತ್ತರ ಏಳುವ ಕಬ್ಬಿಣದ ಡ್ರಮ್ಮು ತಳ ಕಚ್ಚಿ ಕೂತಿದೆ.

ಬಗ್ಗಿ ಮೂಸಿದಳು. ಫಿನಾಯಿಲ್! ಮೂಲೆಯಲ್ಲಿ ಎರಡು ಖಾಲಿ ಕ್ಯಾನು.

"ಯಾರ ಕೈ ಸೇದಿಹೋಗಾ ಇದನ್ನ ಸುರಿದಿದ್ದು?"

ಅಲ್ಲೇ ಇದ್ದ ಗುಡಿಸುವವನು ಪೊರಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ನಿನ್ನೆ ನೀನು ರಜ ಹಾಕಿದ್ದೆಯಲ್ಲ, ಆವಾಗ ಮೇಲ್ವಿಚಾರಕರು ಹೇಳಿದ್ರು ಗ್ಯಾಸಮ್ಮ. ದೊಡ್ಡೋರು ನೋಡೋಕೆ ಬರ್ತಾರೆ, ನಾರಬಾರದು ಅಂದ್ರು."

"ಒಳಗಿರೋ ಹುಳಗಳು ಕಸ ತಿಂದ್ರೆ ತಾನೇ ಗ್ಯಾಸು! ನೆಲದ ಕ್ರಿಮಿ ಕೊಲ್ಲೋದು ಇವಕ್ಕೆ ಟಾನಿಕ್ಕಾ?"

ಅಷ್ಟರಲ್ಲಿ ಮೇಲ್ವಿಚಾರಕರು ಅಧಿಕಾರಿಣಿಯನ್ನು ಕರೆತಂದರು. ಆಕೆ ಗಾಳಿ ಎಳೆದು, "ಕೊಳೆತ ವಾಸನೆಯೇ ಇಲ್ಲ, ಚೆನ್ನಾಗಿಟ್ಟಿದ್ದೀರಿ," ಎಂದರು.

ಮೇಲ್ವಿಚಾರಕರು ಹಲ್ಲು ಕಿರಿದರು. "ನಾನೇ ನಿಂತು ಮಾಡಿಸಿದ್ದು ಮೇಡಂ. ಆದ್ರೆ ಗ್ಯಾಸೇ ಬರ್ತಿಲ್ಲ. ಓದುಬರಹ ಇಲ್ಲದವರ ಕೈಗೆ ಕೊಟ್ರೆ ಇಷ್ಟೇ. ಮುಚ್ಚಿಸಿಬಿಡೋಣ."

ಗ್ಯಾಸಮ್ಮನ ಪಿತ್ತ ನೆತ್ತಿಗೇರಿತು. ಮುಚ್ಚಿದರೆ ಮತ್ತೆ ಗೋಡೆಯಾಚೆಯ ಗುಡ್ಡೆ, ಮತ್ತೆ ನೊಣ! ಕ್ಯಾನುಗಳನ್ನು ತಂದು ಅಧಿಕಾರಿಣಿಯ ಕಾಲ ಬಳಿ ಕುಕ್ಕಿದಳು.

"ಹೆಣಕ್ಕೆ ಸೆಂಟು ಹೊಡೆದಿದ್ದಾರೆ ತಾಯಿ, ಅದಕ್ಕೇ ನಾರ್ತಿಲ್ಲ. ನನಗೆ ಓದು ಬರಲ್ಲ. ಇದರ ಮೇಲೆ ಏನು ಬರೆದಿದೆ ಅಂತ ಓದು ಬಲ್ಲ ಸಾಹೇಬರೇ ಹೇಳಲಿ!"

ಮೇಲ್ವಿಚಾರಕರು ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಲು ನೋಡಿದರು. ಅಧಿಕಾರಿಣಿಯೇ ಬಗ್ಗಿ ಓದಿದರು: "ಕ್ರಿಮಿನಾಶಕ." ಆಮೇಲೆ ಕೇಳಿದರು, "ಇದು ಮತ್ತೆ ಬದುಕುತ್ತಾ?"

"ಖಾಲಿ ಮಾಡಿ, ತೊಳೆದು, ಸಗಣಿ ನೀರು ತುಂಬಬೇಕು. ನಲವತ್ತು ದಿನ ಕಾದ್ರೆ ಬದುಕುತ್ತೆ. ಸಗಣಿ ನಾರುತ್ತೆ, ಈಗಲೇ ಹೇಳಿದೀನಿ."

"ನಾರಲಿ. ಮುಚ್ಚೋದು ಬೇಡ." ಅಧಿಕಾರಿಣಿ ಮೇಲ್ವಿಚಾರಕರ ಕಡೆ ತಿರುಗಿದರು. "ನೀವೇ ನಿಂತು ಮಾಡಿಸಿ."

ಮರುದಿನ ಮೂಗಿಗೆ ಕರ್ಚೀಫು ಒತ್ತಿಕೊಂಡು ಮೇಲ್ವಿಚಾರಕರು ಹಿತ್ತಲಿಗೆ ಬಂದರು. ಹಿಂದೆಯೇ ಸಗಣಿಯ ಗಾಡಿ. ಗ್ಯಾಸಮ್ಮ ಬಕೆಟ್ಟನ್ನು ಅವರ ಕೈಗೇ ಕೊಟ್ಟಳು.

"ಕರ್ಚೀಫು ಜೇಬಲ್ಲಿಡಿ ಸಾಹೇಬರೇ. ಬಕೆಟ್ಟಿಗೆ ಎರಡು ಕೈ ಬೇಕು."