ಅಳತೆಗೆ ಕೂತ ಕಣ್ಣು

ಮೂವತ್ತು ದಾಟಿದ್ದರೂ ಚಿಕ್ಕಮ್ಮನ ಬಾಯಲ್ಲಿ ಅವಳು ಇನ್ನೂ ಪುಟ್ಟಿ. ಹಾಗಾಗಿ ಗಿರಾಕಿಗಳ ಬಾಯಲ್ಲೂ ಪುಟ್ಟಿಯೇ. ಇಬ್ಬರೂ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಪುಟ್ಟಿಯ ಪಾಲಿಗೆ. ಕಾಜಾ, ಗುಂಡಿ, ಇಸ್ತ್ರಿ ಚಿಕ್ಕಮ್ಮನ ಪಾಲಿಗೆ. ಈಚೆಗೆ ಕತ್ತರಿಯೂ ಚಿಕ್ಕಮ್ಮನ ಕೈಗೆ ಹೋಗಿತ್ತು. ಪುಟ್ಟಿ ಬಟ್ಟೆಯ ಮೇಲೆ ಒಂದು ಗೆರೆ ಎಳೆದರೆ ಅವಳ ಕಣ್ಣಿಗೆ ಅದು ಮೂರಾಗಿ ಕಾಣುತ್ತಿತ್ತು. ಯಾವುದು ನಿಜವಾದ ಗೆರೆ ಎಂದು ತಿಳಿಯದೆ ಅಂದಾಜಿನ ಮೇಲೆ ಕತ್ತರಿಸಿ, ಯಾರದೋ ಕೋಟಿನ ತೋಳು ಹಾಳಾದ ದಿನ ಚಿಕ್ಕಮ್ಮ ತುಟಿ ಪಿಟಕ್ಕೆನ್ನದೆ ಕತ್ತರಿ ಇಸಿದುಕೊಂಡಿದ್ದಳು. ಬೈದಿದ್ದರೆ ವಾಸಿಯಿತ್ತು.

ಕಣ್ಣಾಸ್ಪತ್ರೆಯಲ್ಲಿ ಹೇಳಿದ್ದು ಇಷ್ಟು. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ತೆಳುವಾಗುತ್ತಾ ಬಂದು, ಉಬ್ಬಿ, ಮೊನೆಯಾಗಿದೆ. ಎಡಗಣ್ಣು ಕೈಮೀರಿದೆ, ಅದಕ್ಕೆ ದಾನಿಯೊಬ್ಬರ ಪದರ ಸಿಗುವವರೆಗೆ ಕಾಯಬೇಕು. ಬಲಗಣ್ಣಿಗೂ ಕನ್ನಡಕ ಸಾಲದು, ದಿನಾ ಕಣ್ಣಿಗೆ ಹಾಕಿ ತೆಗೆಯುವ ಗಟ್ಟಿ ಲೆನ್ಸ್ ಒಂದೇ ದಾರಿ. ಅದು ಕೂತರೆ ಪುಟ್ಟಿ ಮತ್ತೆ ಕತ್ತರಿ ಹಿಡಿಯಬಹುದು. ಕೂರದಿದ್ದರೆ ಏನು ಎಂದು ಅವಳೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಲೆನ್ಸ್ ಕೂರಿಸುವ ಮೇಡಂ ಕೋಣೆಯ ಹೊರಗೆ ಚಿಕ್ಕಮ್ಮನ ಜೊತೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಒಳಗಿಂದ ಒಬ್ಬ ಗಂಡಸು ಕಣ್ಣೊರೆಸಿಕೊಳ್ಳುತ್ತಾ ಬಂದ. "ತಡ್ಕೊಳ್ಳೋಕೆ ಆಗ್ಲಿಲ್ಲ. ನಿಮಗಿದು ಆಗಿಬರಲ್ಲ ಅಂದ್ಬಿಟ್ರು" ಎಂದು ಹೆಂಡತಿಗೆ ಹೇಳಿದ. ಅದು ಪುಟ್ಟಿಯ ಕಿವಿಗೂ ಬಿತ್ತು. ಏನೇ ಆಗಲಿ, ತಾನು ಮಾತ್ರ ಹಾಗೆ ಹೊರಗೆ ಬರಬಾರದು.

ಮೇಡಂ ಪೆಟ್ಟಿಗೆಯಿಂದ ಅಂಗಿ ಗುಂಡಿಗಿಂತ ಚಿಕ್ಕದಾದ ಲೆನ್ಸ್ ತೆಗೆದು, ಬೆರಳ ತುದಿಯಲ್ಲಿಟ್ಟು ಕಣ್ಣಿಗೆ ಮುಟ್ಟಿಸಿದರು. ರೆಪ್ಪೆಯೊಳಗೆ ಮರಳು ಎರಚಿದಂತಾಯಿತು. ಕಣ್ಣು, ಮೂಗು ಒಟ್ಟಿಗೆ ಸುರಿಯತೊಡಗಿದವು. ಹಳದಿ ಬಣ್ಣ ಹಾಕಿ, ನೀಲಿ ದೀಪ ಬಿಟ್ಟು, ಯಂತ್ರದೊಳಗಿಂದ ಬಹಳ ಹೊತ್ತು ನೋಡಿದರು.

"ನಡುವೆ ಸ್ವಲ್ಪ ತಾಗೋ ಹಾಗಿದೆ. ನೋಯುತ್ತಾ?"

"ಇಲ್ಲ ಮೇಡಂ."

"ಮೊದಲಿಗೆ ಎಲ್ಲರಿಗೂ ಕಿರಿಕಿರಿ ಆಗುತ್ತೆ. ನಾನು ಅದನ್ನ ಕೇಳ್ತಿಲ್ಲ. ನೋವು ಇದೆಯಾ?"

"ಹಾಕ್ಕೊಂಡಿದೀನಿ ಅಂತಾನೇ ಗೊತ್ತಾಗ್ತಿಲ್ಲ" ಎಂದಳು ಪುಟ್ಟಿ. ಗಲ್ಲದಿಂದ ನೀರು ಮಡಿಲಿಗೆ ತೊಟ್ಟಿಕ್ಕುತ್ತಿತ್ತು.

ಅದೇ ಅಳತೆಗೆ ಲೆನ್ಸ್ ಮಾಡಿಸಿಕೊಟ್ಟರು. ಪುಟ್ಟಿ ಹಲ್ಲು ಕಚ್ಚಿ ಹಾಕಿಕೊಂಡಳು. ಬೆಳಗ್ಗೆ ಮರಳು, ಮಧ್ಯಾಹ್ನ ಮುಳ್ಳು, ಸಂಜೆಗೆ ಕೆಂಡ. ಚಿಕ್ಕಮ್ಮ ಕೇಳಿದಾಗಲೆಲ್ಲ "ಚೆನ್ನಾಗಿದೆ" ಎನ್ನುತ್ತಾ ಬಿಳಿ ಬಟ್ಟೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಬಿಳಿ ಅಷ್ಟು ಚುಚ್ಚುತ್ತಿತ್ತು. ಸುರಿಯುವ ನೀರಲ್ಲಿ ಯಾರ ಮುಖವೂ ನೆಟ್ಟಗೆ ಕಾಣುತ್ತಿರಲಿಲ್ಲ. ಕೊನೆಗೊಂದು ದಿನ ಕಣ್ಣು ತೆರೆಯಲಿಕ್ಕೇ ಆಗದೆ ಗೋಡೆ ಹಿಡಿದು ನಿಂತವಳನ್ನು ಚಿಕ್ಕಮ್ಮ ಕೈಹಿಡಿದು ಆಸ್ಪತ್ರೆಗೆ ಕರೆತಂದಳು.

"ಮೊನೆ ಮೇಲೆ ಗೀರಾಗಿದೆ. ಇದು ಮಾಗಬೇಕು" ಎಂದರು ಮೇಡಂ. "ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ರೆ ಕಲೆ ಕೂರ್ತಿತ್ತು. ನಡುಮಧ್ಯೆ ಕಲೆ ಕೂತ್ರೆ ಲೆನ್ಸ್ ಹಾಕಿಯೂ ಅಷ್ಟಕ್ಕಷ್ಟೆ. ನೋವಿಲ್ಲ ಅಂದ್ರಿ, ನಾನು ನಂಬಿದೆ. ನಂಬಬಾರದಿತ್ತು."

ಪುಟ್ಟಿ ತಲೆ ತಗ್ಗಿಸಿದಳು. ಚಿಕ್ಕಮ್ಮ ಸುಮ್ಮನಿರುವ ಹೆಂಗಸಲ್ಲ.

"ಇವಳ ವಿಷಯ ನನ್ನ ಕೇಳಿ ಮೇಡಂ. ಹೊಟ್ಟೆ ಒಳಗೆಳ್ಕೊಂಡು ಅಳತೆಗೆ ನಿಲ್ಲೋ ಗಿರಾಕಿಗಳು ಬರ್ತಾರೆ. 'ಉಸಿರು ಬಿಡಿ ಅಣ್ಣಾ, ನಾಳೆ ಬಟ್ಟೆ ಬಿಗಿ ಅಂತ ನನ್ನ ಮೇಲೆ ಬರ್ಬೇಡಿ' ಅಂತ ಇವಳು ಅವರ ಮಾನ ಕಳೀತಾಳೆ. ಈಗ ನೋಡಿ, ತಾನೇ ಉಸಿರು ಬಿಗಿಹಿಡ್ಕೊಂಡು ಅಳತೆ ಕೊಟ್ಟಿದಾಳೆ. ಅದೂ ಕಣ್ಣಿಗೆ!"

ಮೇಡಂ ನಕ್ಕುಬಿಟ್ಟರು. ಪುಟ್ಟಿಗೆ ನಗು ಬರಲಿಲ್ಲ. "ಆಗಿಬರಲ್ಲ ಅಂತ ಕಳಿಸಿಬಿಡ್ತೀರೇನೋ ಅಂತ..." ಎಂದಳು.

ಗೀರು ಮಾಗುವವರೆಗೆ ಲೆನ್ಸ್ ಇಲ್ಲ. ಆ ದಿನಗಳಲ್ಲಿ ಪುಟ್ಟಿ ಅಂಗಡಿಯ ಮೂಲೆಯಲ್ಲಿ ಕೂತು ಹಳೆಯ ಹೊಲಿಗೆಗಳನ್ನು ಬೆರಳಲ್ಲೇ ತಡವಿ ಬಿಚ್ಚುತ್ತಿದ್ದಳು. ಬಂದ ಗಿರಾಕಿಗಳು ಅಳತೆಗೆ ಚಿಕ್ಕಮ್ಮನ ಮುಂದೆ ನಿಲ್ಲುತ್ತಿದ್ದರು. ಪುಟ್ಟಿಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಮತ್ತೆ ಅಳತೆಗೆ ಕೂತ ದಿನ ಮೇಡಂ ಬೇರೊಂದು ಲೆನ್ಸ್ ಹಾಕಿದರು. ನೀರು ಸುರಿದು ನಿಂತಿತು. ಪುಟ್ಟಿ ತಲೆ ಎತ್ತಿದಳು. ಗೋಡೆಯ ಮೇಲಿನ ಅಕ್ಷರಗಳು ಕೊನೆಯ ಸಾಲಿನವರೆಗೂ ಒಂದೊಂದೇ ಆಗಿ ನಿಂತಿದ್ದವು. ಪಕ್ಕಕ್ಕೆ ತಿರುಗಿದರೆ ಚಿಕ್ಕಮ್ಮ. ಮಂಜು ಮಂಜಾದ ಮೂರು ಮುಖಗಳ ಜಾಗದಲ್ಲಿ ಒಂದೇ ಮುಖ. ಹುಬ್ಬು ಯಾವಾಗ ನರೆತಿತೋ, ಕಣ್ಣ ಕೆಳಗಿನ ಚರ್ಮ ಯಾವಾಗ ಜೋತುಬಿದ್ದಿತೋ. ತನಗೆ ಕಾಣದಿದ್ದ ದಿನಗಳಲ್ಲೇ ಅವಳು ಮುದುಕಿಯಾಗಿದ್ದಳು.

"ಹೇಗಿದೆ?" ಎಂದರು ಮೇಡಂ.

ರೆಪ್ಪೆ ಬಡಿದಾಗಲೆಲ್ಲ ನಟ್ಟನಡುವೆ ಏನೋ ಒತ್ತುತ್ತಿತ್ತು. ಮೊದಲಿನಷ್ಟಲ್ಲ, ತಡೆದುಕೊಳ್ಳಬಹುದಾದಷ್ಟು. ಹೇಳಿದರೆ ಇದನ್ನು ತೆಗೆಯುತ್ತಾರೆ. ತೆಗೆದರೆ ಇಂಥ ನೋಟ ಮತ್ತೆ ಸಿಗುತ್ತದೋ ಇಲ್ಲವೋ. ಚಿಕ್ಕಮ್ಮ ಇತ್ತ ನೋಡದೆ ಚೀಲದ ದಾರ ಸರಿಮಾಡುತ್ತಿದ್ದಳು.

"ಒತ್ತುತ್ತೆ ಮೇಡಂ" ಎಂದಳು ಪುಟ್ಟಿ. "ಅಂಚಲ್ಲಲ್ಲ. ನಡುವೆ."

ಮೇಡಂ ನೀಲಿ ದೀಪ ಹಾಕಿ ನೋಡಿ, ಹೂಂ ಎಂದು, ಲೆನ್ಸ್ ತೆಗೆದರು. ಚಿಕ್ಕಮ್ಮನ ಮುಖ ಮತ್ತೆ ಮೂರಾಯಿತು.

ಆಮೇಲೆ ಒಂದಾದ ಮೇಲೊಂದು. ಇದು ಜಾರುತ್ತೆ. ಇದು ಕೆಳಗೆ ಕೊರೆಯುತ್ತೆ. ಇದು ಪರವಾಗಿಲ್ಲ, ಇಲ್ಲ, ತಡೀರಿ, ಈಗ ಒತ್ತುತ್ತೆ. ಮೇಡಂ ಪ್ರತಿಸಲ ಯಂತ್ರದೊಳಗೆ ಕಣ್ಣಿಟ್ಟು ಇನ್ನೊಂದನ್ನು ಆರಿಸುತ್ತಿದ್ದರು. ಕೊನೆಗೆ ಮೊನೆಗೆ ತಾಗದಂತೆ ಮೇಲೆ ಕಮಾನು ಕಟ್ಟಿ ನಿಂತ, ತುಸು ದೊಡ್ಡದೊಂದು ಕೂತಿತು. ಒಳಗೆ ಏನೋ ಇದೆ ಎಂಬುದು ಬಿಟ್ಟರೆ ನೋವಿರಲಿಲ್ಲ. ಆದರೆ ಕೊನೆಯ ಎರಡು ಸಾಲುಗಳು ಕಲಸಿಕೊಂಡವು.

"ಈ ಕಣ್ಣಿಗೆ ಸದ್ಯಕ್ಕೆ ಇಷ್ಟೇ" ಎಂದರು ಮೇಡಂ. "ಇದರ ಅಳತೆಗೇ ಮಾಡಿಸ್ತೀನಿ. ನಿಮ್ಮ ಕೆಲಸಕ್ಕೆ ಸಾಕಾಗುತ್ತಾ?"

ಪುಟ್ಟಿ ತನ್ನ ತೋಳಿನ ಹೊಲಿಗೆಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ ಚಿಕ್ಕಮ್ಮನ ಕರಿ ಚೀಲದ ಅಂಚನ್ನು ನೋಡಿದಳು.

"ಕತ್ತರಿಸಬಹುದು. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಮಾತ್ರ ಕಾಣಲ್ಲ."

"ಕಪ್ಪು ನನಗಿರಲಿ ಬಿಡು" ಎಂದಳು ಚಿಕ್ಕಮ್ಮ. "ನಾನಿರೋವರೆಗೆ."